ರಾಮನ ತಾಯಿಯ ಹೆಸರು ಕೇಳಿದವರಿಗೆ

ರಾಮನ ತಾಯಿಯ ಹೆಸರೇನು? 1967ರಲ್ಲಿ ದಿಲ್ಲಿಯ ಟಿ.ವಿ.ಯಲ್ಲಿ ನಡೆದ ಮಕ್ಕಳ ರಸಪ್ರಶ್ನೆಯಲ್ಲಿ ಈ ಪ್ರಶ್ನೆ ಬಂತಂತೆ. ಗ್ರೀಕರ ದೇವರುಗಳ ಬಗ್ಗೆ ಪಟಪಟ ಉತ್ತರ ಹೇಳಿದ ಮಕ್ಕಳು ಇದಕ್ಕೆ ಬಾಯಿ ಬಿಡಲಿಲ್ಲವಂತೆ. ಕಾರ್ಕಳದಲ್ಲಿ ಹುಟ್ಟಿ ಮುಂಬೈ ಸೇರಿದ್ದ ಅನಂತ ಪೈ ಅದನ್ನು ಕಂಡು ನೊಂದರು. ಆ ನೋವಿನಿಂದಲೇ ಅಮರ ಚಿತ್ರಕಥೆ ಹುಟ್ಟಿತು ಅಂತ ಅವರೇ ಬದುಕಿರುವತನಕ ಹೇಳಿದರು. 2011ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳೆಲ್ಲ ಇದೇ ಕಥೆಯನ್ನು ಮತ್ತೊಮ್ಮೆ ಹೇಳಿದವು.

ಗೆಳೆಯರೇ, ಒಬ್ಬ ಮನುಷ್ಯನ ನೋವನ್ನು ನಾನು ಗೇಲಿ ಮಾಡುವುದಿಲ್ಲ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಶಾಲೆಗಳಲ್ಲಿ ನಮ್ಮ ಮಕ್ಕಳಿಗೆ ಕೇಳಿದ ಪ್ರಶ್ನೆ ಬೇರೆ ಇತ್ತು. "ಏನಲೇ, ನಿಮ್ಮಪ್ಪನ ಹೆಸರೇನು?" ಉಚ್ಚಂಗಿದುರ್ಗದ ಗುಡ್ಡ ಹತ್ತಿಸಿ ಕೊರಳಿಗೆ ಮುತ್ತು ಕಟ್ಟಿಸಿಕೊಂಡು ಬಂದ ಹೆಣ್ಣುಮಗಳ ಹೊಟ್ಟೆಯಲ್ಲಿ ಹುಟ್ಟಿದ ಮಗು ಈ ಪ್ರಶ್ನೆಗೆ ತಲೆ ಬಗ್ಗಿಸಿ ಕಾಲಬೆರಳಿನಿಂದ ನೆಲ ಕೆರೆಯುತ್ತಾ ನಿಂತಿರುತ್ತಿತ್ತು. ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾಯ್ದೆ ಬಂದದ್ದು 1982ರಲ್ಲಿ. ಅರ್ಜಿಯಲ್ಲಿ ಅಪ್ಪನ ಹೆಸರು ಬರೆಯಲೇಬೇಕು ಅಂತ ಈ ಮಕ್ಕಳನ್ನು ಪೀಡಿಸಬಾರದು ಎಂಬ ಮಾತು ಮಸೂದೆಯಾಗಿ ವಿಧಾನಸಭೆಗೆ ಬರಲು 2025 ಆಗಬೇಕಾಯಿತು. ನಡುವಿನ ನಲವತ್ಮೂರು ವರ್ಷ ಎಷ್ಟು ಮಕ್ಕಳು ನೆಲ ಕೆರೆದರೋ! ಅವರ ನೋವಿನಿಂದ ಯಾವ ಚಿತ್ರಕಥೆಯೂ ಹುಟ್ಟಲಿಲ್ಲ. ಕೌಸಲ್ಯೆಯ ಹೆಸರು ಗೊತ್ತಿಲ್ಲದ್ದು ದೇಶದ ದುಃಖವಾಯಿತು. ಅವ್ವನ ಹೆಸರೊಂದೇ ಗೊತ್ತಿದ್ದದ್ದು ನಮ್ಮ ಹುಡುಗರ ತಪ್ಪಾಯಿತು.

ಈ ಚಿತ್ರಕಥೆಯ ಬೇರು ನಮ್ಮ ಕನ್ನಡದಲ್ಲೇ ಇದೆ ಅನ್ನುವುದು ಬಹಳ ಜನಕ್ಕೆ ತಿಳಿಯದು. 1965ರಲ್ಲಿ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸಿನ ಜಿ.ಕೆ. ಅನಂತರಾಮ್ ಮೊದಲು ಹೊರತಂದದ್ದು ಕನ್ನಡ ಪುಸ್ತಕಗಳನ್ನು. ಅದಕ್ಕೇ ಇಂಗ್ಲಿಷಿನ 'ಕೃಷ್ಣ'ನಿಗೆ ಹನ್ನೊಂದನೆಯ ನಂಬರು. ಮೊದಲ ಹತ್ತು ಕನ್ನಡದವು. ಹಾಗಂತ ಎದೆ ಉಬ್ಬಿಸುವುದು ಬೇಡ. ಆ ಹತ್ತರಲ್ಲಿ ಇದ್ದದ್ದು ಸಿಂಡ್ರೆಲಾ, ಸ್ನೋವೈಟ್, ಅಲ್ಲಾದೀನ, ಪಿನೋಕಿಯೊ. ಪರದೇಶದ ರಾಜಕುಮಾರಿ ಕನ್ನಡ ಮಾತಾಡಿದಳು, ಅಷ್ಟೆ. ಆಮೇಲೆ ಅವಳನ್ನು ಇಳಿಸಿ ದೇವರನ್ನು ಕೂರಿಸಿದರು. ಸಿಂಹಾಸನ ಅದೇ. ನಮ್ಮ ಕೇರಿಯ ಹುಡುಗಿ ಆಗಲೂ ಅಂಗಳದಲ್ಲೇ ನಿಂತಿದ್ದಳು, ಈಗಲೂ ಅಲ್ಲೇ ನಿಂತಳು.

1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದದ್ದಕ್ಕೆ ಬೀದಿಬೀದಿಯಲ್ಲಿ ಗಲಾಟೆಯಾಗಿ ಅವರು ಮಂತ್ರಿ ಪದವಿಯನ್ನೇ ಬಿಡಬೇಕಾಯಿತು. ಅವರು ದೊಡ್ಡವರ ಗೋದಲಿಗೆ ಹಾಕಿದ್ದನ್ನು ನೋಡಿ ಆ ಮಾತು ಆಡಿದರು. ಕರುಗಳ ಮುಂದೆ ಏನು ಹಾಕಿದ್ದಾರೆ ಅಂತ ನಾವು ಇವತ್ತಿಗೂ ಸರಿಯಾಗಿ ಬಗ್ಗಿ ನೋಡಿಲ್ಲ.

ಇದು ಬರೀ ಹೊತ್ತು ಕಳೆಯುವ ಪುಸ್ತಕ, ಇದಕ್ಕೆಲ್ಲ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀ ಅನ್ನುವವರಿದ್ದಾರೆ. ಅದನ್ನು ಮಾರಿದವರು ಹಾಗೆ ಅಂದುಕೊಂಡಿರಲಿಲ್ಲ. 1978ರಲ್ಲಿ ದಿಲ್ಲಿಯಲ್ಲಿ ಶಾಲಾ ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರದ ಬಗ್ಗೆ ವಿಚಾರ ಸಂಕಿರಣವನ್ನೇ ನಡೆಸಿದರು. ಪಠ್ಯಪುಸ್ತಕಕ್ಕಿಂತ ಚಿತ್ರದಿಂದ ಇತಿಹಾಸ ಚೆನ್ನಾಗಿ ತಲೆಗೆ ಹತ್ತುತ್ತದೆ ಎಂದು ತೋರಿಸುವುದು ಅವರ ಉದ್ದೇಶವಾಗಿತ್ತು. ನಾನೂ ಒಪ್ಪುತ್ತೇನೆ. ಹತ್ತುತ್ತದೆ. ಹತ್ತಿದ್ದು ಇಳಿಯುವುದಿಲ್ಲ, ಅದೇ ನನ್ನ ತಕರಾರು.

ಏನು ಹತ್ತಿತು? ಯಾವುದಾದರೂ ಹಳೆಯ ಪುರಾಣದ ಸಂಚಿಕೆ ತೆಗೆದು ಬಣ್ಣ ನೋಡಿ. ರಾಜ, ಋಷಿ, ರಾಜಕುಮಾರಿ ಗೋಧಿ ಬಣ್ಣ, ಗುಲಾಬಿ ಬಣ್ಣ. ದೇವರು ಕಪ್ಪಗಿದ್ದರೆ ಅವನಿಗೆ ನೀಲಿ ಬಳಿದು ಕಾಪಾಡಿದರು. ಉಳಿದ ಕಪ್ಪೆಲ್ಲ ರಾಕ್ಷಸರ ಪಾಲು. ದಪ್ಪ ತುಟಿ, ಕೋರೆಹಲ್ಲು, ಬರಿಮೈ, ಕೆದರಿದ ಕೂದಲು. ಬಿಸಿಲಲ್ಲಿ ಕಲ್ಲು ಒಡೆಯುವ, ಗುಳೆ ಹೋಗಿ ಕಬ್ಬು ಕಡಿಯುವ ನಮ್ಮಪ್ಪ, ನಮ್ಮ ಕಾಕಾ ಈ ಪುಸ್ತಕದ ಲೆಕ್ಕದಲ್ಲಿ ಯಾರು? ನಾನು ಐದನೇ ಇಯತ್ತೆಯಲ್ಲಿದ್ದಾಗ ಪಕ್ಕದ ಹುಡುಗ ಒಂದು ಪುಟದ ಮೇಲೆ ಬೆರಳಿಟ್ಟು "ಇವನು ನಿಮ್ಮಪ್ಪನಂಗ ಅದಾನಲೇ" ಅಂದ. ರಾಕ್ಷಸನ ಚಿತ್ರ ಅದು. ಹುಡುಗ ಕೆಟ್ಟವನಲ್ಲ. ಪುಸ್ತಕ ಹೇಳಿಕೊಟ್ಟದ್ದನ್ನು ಅವನು ಸರಿಯಾಗಿಯೇ ಓದಿಕೊಂಡಿದ್ದ.

ಇನ್ನು ಏಕಲವ್ಯ. ಕೂಡ್ಲಿಗಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ, ಮ್ಯಾಸಬೇಡರ ನೆಲ. ಅಲ್ಲಿನ ಹಟ್ಟಿಯ ಮಗುವಿನ ಕೈಗೆ ಏಕಲವ್ಯನ ಚಿತ್ರಕಥೆ ಕೊಟ್ಟರೆ ಅದು ಏನು ನೋಡುತ್ತದೆ? ತನ್ನಂಥ ಬೇಡರ ಹುಡುಗನನ್ನು. ಎಲ್ಲರಿಗಿಂತ ಚೆಂದ ಬಾಣ ಬಿಡುವವನನ್ನು. ಮಗುವಿನ ಮುಖ ಅರಳುತ್ತದೆ. ಪುಟ ತಿರುವಿದರೆ ಹುಡುಗ ಹೆಬ್ಬೆರಳು ಕೊಯ್ದು ಗುರುವಿನ ಕಾಲಬುಡಕ್ಕೆ ಇಟ್ಟಿದ್ದಾನೆ, ಮುಖದಲ್ಲಿ ಭಕ್ತಿ! ಇದನ್ನು ಗುರುಭಕ್ತಿ ಅಂತ ನಮಗೆ ಕಲಿಸಿದರು. ಪರೀಕ್ಷೆಯಲ್ಲಿ ಬರೆಸಿದರು. ಪಾಠ ಹೇಳಿಕೊಡದ ಗುರು ಯಾವ ಬಾಯಿಂದ ದಕ್ಷಿಣೆ ಕೇಳಿದ ಅಂತ ಒಬ್ಬ ಮಗು ಎದ್ದು ನಿಂತು ಕೇಳುವಂಥ ಒಂದು ಚೌಕವನ್ನೂ ನಮ್ಮ ಮುಂದೆ ಹಿಡಿಯಲಿಲ್ಲ. ನಮ್ಮಪ್ಪ ಹೆಬ್ಬೆಟ್ಟಿನವನು. ದ್ರೋಣ ಬೆರಳನ್ನೇ ತಗೊಂಡ. ಸಾಹುಕಾರನಿಗೆ ಬೆರಳು ಬೇಕಿರಲಿಲ್ಲ, ಕಾಗದದ ಮೇಲೆ ಅದರ ಗುರುತು ಸಾಕಾಗಿತ್ತು. ಎರಡೆಕರೆ ಹೊಲ ಹೋಯಿತು. ಮಹಾಭಾರತದ್ದು ಹಳೇ ಕಥೆ ಅನ್ನುವವರು ನಮ್ಮ ಪಹಣಿ ನೋಡಲಿ.

"ಅಂಬೇಡ್ಕರ್ ಮೇಲೂ ಪುಸ್ತಕ ತಂದಾರಲ್ಲೋ ಮಾರಾಯ" ಅಂತ ಗೆಳೆಯನೊಬ್ಬ ನನ್ನ ಬಾಯಿ ಮುಚ್ಚಿಸಲು ನೋಡಿದ. ತಂದಿದ್ದಾರೆ. 1979ರಲ್ಲಿ. ಕಥೆ ಎಸ್.ಎಸ್. ರೇಗೆ, ಚಿತ್ರ ದಿಲೀಪ್ ಕದಂ. ಅದಕ್ಕೂ ಹಿಂದಿನ ವರ್ಷ ಮರಾಠವಾಡದಲ್ಲಿ ವಿಶ್ವವಿದ್ಯಾಲಯಕ್ಕೆ ಬಾಬಾಸಾಹೇಬರ ಹೆಸರು ಇಡುತ್ತೇವೆ ಅಂದದ್ದಕ್ಕೆ ದಲಿತರ ಗುಡಿಸಲು ಸುಟ್ಟಿದ್ದರು. ಅಂಥ ಹೊತ್ತಿನಲ್ಲಿ ಮಕ್ಕಳ ಪುಸ್ತಕದ ಅಟ್ಟೆಯ ಮೇಲೆ ಆ ಹೆಸರು ಬಂದದ್ದು ಸಣ್ಣ ಮಾತಲ್ಲ. ಹಳೇ ಪುಸ್ತಕದ ಅಂಗಡಿಯಲ್ಲಿ ನನಗೆ ಅದರ ಇಂಗ್ಲಿಷ್ ಪ್ರತಿ ಸಿಕ್ಕಾಗ ಅಂಗಡಿಯವನು ಕೇಳಿದಷ್ಟು ಕೊಟ್ಟು ತಂದೆ. ಬಿ.ಎ. ಮುಗಿಸಿದ ಮೇಲೆ ಕಾಮಿಕ್ಸ್ ಓದುತ್ತಾ ಕೂತವನನ್ನು ನೋಡಿ ಅವ್ವ ನಕ್ಕಳು. ಚಿತ್ರ ತೋರಿಸಿದೆ. ಕನ್ನಡಕ ನೋಡಿಯೇ ಗುರುತು ಹಿಡಿದು ಕೈ ಮುಗಿದಳು.

ಆ ಕೈಮುಗಿಯುವುದರಲ್ಲೇ ನನಗೆ ಸಮಸ್ಯೆ ಕಾಣಿಸಿತು. ಅಮರ ಚಿತ್ರಕಥೆಯ ಅಚ್ಚು ಒಂದೇ. ಮೂವತ್ತೆರಡು ಪುಟ, ಅಟ್ಟೆಯ ಮೇಲೆ ಒಂದು ಹೆಸರು, ಒಳಗೆ ಒಬ್ಬ ನಾಯಕ. ರಾಮನನ್ನು ಎರಕ ಹೊಯ್ದ ಅಚ್ಚಿನಲ್ಲೇ ಶಿವಾಜಿ, ಅದರಲ್ಲೇ ಬಾಬಾಸಾಹೇಬ. ಮಹಾಪುರುಷರ ಸಾಲಿನಲ್ಲಿ ಒಂದು ಕುರ್ಚಿ ಕೊಟ್ಟರು. ಆದರೆ 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಕುಡಿದವರು ಸಾವಿರಾರು ಜನ. ಅವರ ಪೈಕಿ ಯಾರದ್ದು ಅಟ್ಟೆ? ಅದೇ ವರ್ಷ ಡಿಸೆಂಬರ್ 25ಕ್ಕೆ ಅಲ್ಲೇ ಮನುಸ್ಮೃತಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ಒಂದು ಜನಾಂಗ. ಒಬ್ಬ ನಾಯಕನ ಕಥೆ ಓದಿದ ಮಗು ಇನ್ನೊಬ್ಬ ನಾಯಕ ಹುಟ್ಟಲಿ ಅಂತ ಕಾಯುತ್ತಾ ಕೂರುತ್ತದೆ.

ಇನ್ನೊಂದು ತೊಡಕಿದೆ. ರಾಕ್ಷಸನಿಗಾದರೆ ಕೋರೆಹಲ್ಲು ಬರೆಯಬಹುದು. ಜಾತಿಗೆ ಯಾವ ಹಲ್ಲು ಬರೆಯುತ್ತೀರಿ? 1901ರಲ್ಲಿ ಭೀಮರಾವ್ ಒಂಬತ್ತು ಹತ್ತು ವರ್ಷದ ಹುಡುಗ. ಅಣ್ಣ, ಅಕ್ಕನ ಮಗನ ಜೊತೆ ಅಪ್ಪನನ್ನು ನೋಡಲು ರೈಲಿನಲ್ಲಿ ಹೋಗಿ ಮಸೂರ್ ಸ್ಟೇಷನ್ನಿನಲ್ಲಿ ಇಳಿದ. ಮಹಾರರ ಮಕ್ಕಳು ಅಂತ ತಿಳಿದ ಮೇಲೆ ಒಬ್ಬ ಬಂಡಿಯವನೂ ಬರಲೊಲ್ಲ. ಕಡೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಎತ್ತು ಹೊಡೆದರು, ಬಂಡಿಯವನು ಪಕ್ಕದಲ್ಲಿ ನಡೆದ. ಬುತ್ತಿ ಇತ್ತು, ರಾತ್ರಿಯೆಲ್ಲ ಕುಡಿಯಲು ನೀರು ಸಿಗಲಿಲ್ಲ. ಬಾಬಾಸಾಹೇಬರೇ ಬರೆದಿಟ್ಟ ಕಥೆ ಇದು. ಇದರಲ್ಲಿ ರಾಕ್ಷಸ ಯಾರು? ಆ ಬಂಡಿಯವನೂ ಬಡವನೇ. ಮನೆಯಲ್ಲಿ ಅವನಿಗೂ ಇಂಥವೇ ಮಕ್ಕಳಿದ್ದಿರಬಹುದು. ರೊಕ್ಕ ಬೇಕು, ಮೈ ತಾಗಬಾರದು. ನಮ್ಮೂರ ಹೋಟೆಲಿನವನೂ ಹಾಗೇ ನಕ್ಕು ಮಾತಾಡಿಸಿ ನನ್ನ ಕೈಗೆ ಕಾಗದದ ಲೋಟ ಕೊಡುತ್ತಾನೆ, ಹಿಂದೆ ಬಂದವನಿಗೆ ಸ್ಟೀಲಿನದ್ದು. ಕೋರೆಹಲ್ಲು ಹುಡುಕುವುದನ್ನು ಕಲಿತ ಮಗು ಈ ನಗುವನ್ನು ಗುರುತಿಸಲಾರದು.

ಚಿತ್ರಕಥೆ ಮಾತ್ರ ಹೀಗೆ ಅಂತಲೂ ಅಲ್ಲ. 2022ರಲ್ಲಿ ನಮ್ಮ ರಾಜ್ಯದ ಪಠ್ಯ ಪರಿಷ್ಕರಣೆಯಲ್ಲಿ ಬಾಬಾಸಾಹೇಬರ ಹೆಸರಿನ ಮುಂದಿನ 'ಸಂವಿಧಾನ ಶಿಲ್ಪಿ' ಎಂಬ ಮಾತೇ ಜಾರಿಹೋಗಿತ್ತು. ಜನ ಕೂಗಿದ ಮೇಲೆ ಮತ್ತೆ ಸೇರಿಸುತ್ತೇವೆ ಅಂದರು.

ಈಗ ನಮ್ಮ ಸೀಮೆಗೇ ಬರೋಣ. ಒನಕೆ ಓಬವ್ವ ಕೂಡ್ಲಿಗಿ ತಾಲೂಕಿನ ಗುಡೇಕೋಟೆಯ ಮಗಳು ಅಂತ ಇಲ್ಲಿನ ಜನರ ಮಾತು. ಛಲವಾದಿ ಹೆಣ್ಣುಮಗಳು. ಗಂಡ ಚಿತ್ರದುರ್ಗದ ಕೋಟೆಯ ಕಾವಲಿನವನು. ಅವನು ಊಟಕ್ಕೆ ಕೂತಿದ್ದಾಗ ನೀರಿಗೆ ಹೋದವಳು ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಕಂಡಳು, ಒನಕೆ ಎತ್ತಿದಳು. 1972ರ 'ನಾಗರಹಾವು' ಸಿನಿಮಾದಲ್ಲಿ ಜಯಂತಿಯವರ ಮುಖದಲ್ಲಿ ನಾಡಿಗೆಲ್ಲ ಓಬವ್ವ ಕಂಡಳು. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಜಯಂತಿ ಮಾಡುತ್ತದೆ. ಒಳ್ಳೆಯದು. ಆದರೆ ಶಾಲೆಯ ಭಾಷಣಗಳಲ್ಲಿ ಅವಳು 'ವೀರವನಿತೆ', 'ಕನ್ನಡತಿ'. ಅವಳ ಕೇರಿಯ ಹೆಸರು ಮಾತ್ರ ಮೇಷ್ಟ್ರ ಗಂಟಲಲ್ಲೇ ಉಳಿಯುತ್ತದೆ. ಕೋಟೆ ಕಾಯಲು ಅವಳ ಒನಕೆ ಬೇಕಾಯಿತು. ಆ ಕೋಟೆಯೊಳಗಿನ ಯಾವ ಗುಡಿಯ ಹೊಸ್ತಿಲ ತನಕ ಅವಳು ಹೋಗಬಹುದಿತ್ತು? ಯಾವ ಬಾವಿಗೆ ಕೊಡ ಇಳಿಸಬಹುದಿತ್ತು? ನೀರಿಗೆ ಹೋದ ಹೆಂಗಸಿನ ಕಥೆಯಲ್ಲಿ ನೀರಿನ ಪ್ರಶ್ನೆಯನ್ನೇ ಯಾರೂ ಕೇಳಲಿಲ್ಲ! ಮಹಾಡದ ಕೆರೆಗೂ ದುರ್ಗದ ಆ ಕೊಡಕ್ಕೂ ನಂಟು ಇದೆ ಅಂತ ಮಗುವಿಗೆ ಹೇಳುವ ಚಿತ್ರ ನಮಗೆ ಬೇಕು.

ಹಳ್ಳಿಶಾಲೆಯ ಮೇಷ್ಟ್ರೇ, ಅಕ್ಕೋರೆ, ನಾನು ಪುಸ್ತಕ ಸುಡಿರಿ ಅನ್ನುತ್ತಿಲ್ಲ. ಬೀರುವಿನಲ್ಲಿ ಇಲಿ ಕಡಿದ ಅಮರ ಚಿತ್ರಕಥೆ ಇದ್ದರೆ ಹೊರಗೆ ತೆಗೀರಿ. ನಮ್ಮ ಮಕ್ಕಳಿಗೆ ಬಣ್ಣದ ಪುಸ್ತಕ ಸಿಗುವುದೇ ಅಪರೂಪ, ಅದನ್ನೂ ಕಿತ್ತುಕೊಳ್ಳುವುದು ಬೇಡ. ಓದಿಸಿರಿ. ಓದಿಸುವಾಗ ಚೌಕದ ಹೊರಗೆ ಯಾರಿದ್ದಾರೆ ಅಂತ ಕೇಳಿರಿ. ಅರಮನೆಯ ಕಲ್ಲು ಹೊತ್ತವರು ಎಲ್ಲಿ? ರಥದ ಎತ್ತರದ ಗಾಲಿ ಮಾಡಿದ ಬಡಿಗ ಎಲ್ಲಿ? ಋಷಿ ಕೂತ ಜಿಂಕೆಯ ಚರ್ಮ ಹದ ಮಾಡಿದ ಕೈ ಯಾರದ್ದು? ಹುಡುಗರು ನೀವು ಎಣಿಸಿದ್ದಕ್ಕಿಂತ ಜಾಸ್ತಿ ಹೇಳುತ್ತಾರೆ. ಹೋದ ವರ್ಷ ಗೆಳೆಯನೊಬ್ಬನ ತರಗತಿಯಲ್ಲಿ ಕೂತಿದ್ದೆ. ಏಕಲವ್ಯನ ಕಡೇ ಪುಟ ಮುಚ್ಚಿಟ್ಟು ಮುಂದೇನಾಯಿತು ಬರೆಯಿರಿ ಅಂದ. ಒಬ್ಬಳು ಏಕಲವ್ಯನ ಅವ್ವನನ್ನು ಬರೆದಳು. ಅವಳ ಕೈಯಲ್ಲಿ ಕುಡುಗೋಲು. "ಬೆರಳು ಯಾಕ ಬೇಕ್ರಿ ನಿಮಗ?" ಅಂತ ಪಕ್ಕದಲ್ಲಿ ಸೀಸದ ಕಡ್ಡಿಯ ಅಕ್ಷರ. ಮಹಾಭಾರತದಲ್ಲಿ ಆ ಅವ್ವನಿಗೆ ಮಾತಿಲ್ಲ. ರಸಪ್ರಶ್ನೆಯವರೂ ಅವಳ ಹೆಸರು ಕೇಳಲಿಲ್ಲ.

ಇಂಥ ಹಾಳೆಗಳನ್ನು ಕೂಡಿಸಿ ಐದೂ ತಾಲೂಕಿನ ಮಕ್ಕಳದ್ದೇ ಒಂದು ಚಿತ್ರಕಥೆ ಮಾಡೋಣ ಅಂತ ನಾವು ಕೆಲವರು ಮಾತಾಡಿಕೊಂಡಿದ್ದೇವೆ. ಆರ್ಟ್ ಪೇಪರು ಬೇಡ, ಕಪ್ಪುಬಿಳುಪಾದರೂ ನಡೆಯುತ್ತದೆ. ಮೊದಲ ಸಂಚಿಕೆ ಗುಡೇಕೋಟೆಯ ಓಬವ್ವನದ್ದು, ಅವಳ ಕೊಡದಿಂದ ಶುರುವಾಗಲಿ. ನಿಮ್ಮ ಶಾಲೆಯಲ್ಲಿ ಬರೆಸಿದ್ದನ್ನು ಪತ್ರಿಕೆಗೆ ಕಳಿಸಿರಿ. ಹಾಳೆಯ ಹಿಂದೆ ಮಗುವಿನ ಹೆಸರು, ಊರು, ಅವ್ವನ ಹೆಸರು ಇರಲಿ. ಅಪ್ಪನ ಹೆಸರು ನಾವು ಕೇಳುವುದಿಲ್ಲ.