ಘರ್ಷಣೆಯ ಪಾಠ: ಭಾರ ಹೊರುವುದು ಯಾವುದು?

ಎಂಟನೇ ತರಗತಿಯ ಘರ್ಷಣೆಯ ಘಟಕಕ್ಕೆ ಅಭ್ಯಾಸ ಬೋಧನೆಯ ದಿನಗಳಲ್ಲಿ ಬೇಡಿಕೆ ಹೆಚ್ಚು. ಉಪಕರಣ ಸುಲಭವಾಗಿ ಸಿಗುತ್ತದೆ: ಮರದ ತುಂಡು, ಮರಳುಕಾಗದ, ಸ್ಪ್ರಿಂಗ್ ತಕ್ಕಡಿ, ಒಂದು ಬಟ್ಟಲು ಎಣ್ಣೆ. ಮಕ್ಕಳು ಉತ್ಸಾಹದಿಂದ ಉತ್ತರಿಸುತ್ತಾರೆ, ವೀಕ್ಷಕರೂ ಸಂತೋಷದಿಂದ ಅಂಕ ಕೊಡುತ್ತಾರೆ. ಕೊನೆಗೆ ಕಪ್ಪುಹಲಗೆಯ ಮೇಲೆ ಎರಡು ವಾಕ್ಯ ಉಳಿಯುತ್ತವೆ: ‘ಮೇಲ್ಮೈ ನುಣುಪಾದಷ್ಟೂ ಘರ್ಷಣೆ ಕಡಿಮೆ’, ‘ಎಣ್ಣೆ ಹಾಕಿದರೆ ಘರ್ಷಣೆ ಕಡಿಮೆ’. ಮೊದಲನೆಯದು ಅರ್ಧ ಸತ್ಯ. ಎರಡನೆಯದು ಸತ್ಯವೇ ಆದರೂ ಏನನ್ನೂ ವಿವರಿಸುವುದಿಲ್ಲ. ಪಾಠಯೋಜನೆಯ ಈ ಭಾಗವನ್ನು ನಾವು ಮತ್ತೆ ಬರೆಯಬೇಕು ಎಂಬುದು ನನ್ನ ವಾದ. ಅದಕ್ಕೆ ಒಳ್ಳೆಯ ಸಾಧನವೆಂದರೆ ಜರ್ನಲ್ ಬೇರಿಂಗ್.

ಜರ್ನಲ್ ಎಂದ ಕೂಡಲೇ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ನೆನಪಾಗುವುದು ರಟ್ಟು ಹಾಕಿ ಸಲ್ಲಿಸಬೇಕಾದ ಪುಸ್ತಕ. ಯಂತ್ರದವರಿಗೆ ಅದು ಬೇರಿಂಗಿನೊಳಗೆ ಕೂತು ತಿರುಗುವ ದಂಡದ ಭಾಗ. ಬೇರಿಂಗ್ ಎಂದರೆ ಉಕ್ಕಿನ ಗುಂಡುಗಳೇ ಎಂದು ಸೈಕಲ್ ಬಿಚ್ಚಿ ನೋಡಿದ ಮಕ್ಕಳು ಹೇಳುತ್ತಾರೆ. ಇದರಲ್ಲಿ ಗುಂಡುಗಳಿಲ್ಲ. ದುಂಡನೆಯ ದಂಡ, ಅದರ ಸುತ್ತ ಕೂದಲೆಳೆಯಷ್ಟು ಸಡಿಲವಾದ ಬುಷ್, ನಡುವೆ ಎಣ್ಣೆ. ಇಷ್ಟೇ. ಎತ್ತಿನ ಗಾಡಿಯ ಅಚ್ಚು ಮತ್ತು ಗುಂಬ ಇದೇ ಜಾತಿ. ಕಾರಿನ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ಕೂಡ ಸಾಮಾನ್ಯವಾಗಿ ಇಂಥ ಬೇರಿಂಗಿನಲ್ಲೇ ಕೂತಿರುತ್ತದೆ.

ಇದರ ಕಥೆಯನ್ನು ತರಗತಿಯಲ್ಲಿ ಹೇಳಲೇಬೇಕು. 1880ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆ ಬೋಚಂಪ್ ಟವರ್ ಎಂಬ ಎಂಜಿನಿಯರಿಗೆ ರೈಲು ಗಾಡಿಯ ಅಚ್ಚಿನ ಘರ್ಷಣೆಯನ್ನು ಅಳೆಯುವ ಕೆಲಸ ಒಪ್ಪಿಸಿತು. ಅಚ್ಚಿನ ಮೇಲರ್ಧಕ್ಕೆ ಹಿತ್ತಾಳೆಯ ಬೇರಿಂಗ್ ಕವಿಚಿ, ಅದರ ಮೇಲೆ ಭಾರ ಬೀಳುವಂತೆ ಮಾಡಿ, ಅಚ್ಚಿನ ಕೆಳಭಾಗ ಎಣ್ಣೆಯ ತೊಟ್ಟಿಯಲ್ಲಿ ಅದ್ದಿರುವಂತೆ ಆತ ಜೋಡಿಸಿದ. ಎಣ್ಣೆ ಹನಿಸಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆಸಿದ್ದ. ಯಂತ್ರ ಓಡತೊಡಗಿದಾಗ ಎಣ್ಣೆ ತೂತಿನೊಳಕ್ಕೆ ಇಳಿಯುವ ಬದಲು ಅದರಿಂದಲೇ ಉಕ್ಕಿ ಬಂತು. ಬಿರಡೆ ಹಾಕಿದರೆ ಬಿರಡೆ ಮೇಲಕ್ಕೆ ಬಂತು. ಮರದ ಗೂಟ ಹೊಡೆದರೆ ಅದೂ ನಿಲ್ಲಲಿಲ್ಲ. ಕೊನೆಗೆ ಒತ್ತಡಮಾಪಕ ಜೋಡಿಸಿದರೆ ಮುಳ್ಳು ಚದರ ಅಂಗುಲಕ್ಕೆ 200 ಪೌಂಡ್ ದಾಟಿತು. ಬೇರಿಂಗಿನ ಮೇಲಿದ್ದ ಭಾರದ ಸರಾಸರಿ ಚದರ ಅಂಗುಲಕ್ಕೆ 100 ಪೌಂಡ್ ಮಾತ್ರ! ಅಂದರೆ ಹಿತ್ತಾಳೆ ಅಚ್ಚಿನ ಮೇಲೆ ಕೂತೇ ಇರಲಿಲ್ಲ, ಎಣ್ಣೆಯ ಮೇಲೆ ತೇಲುತ್ತಿತ್ತು. ಟವರ್ ತನ್ನ ಮೊದಲ ವರದಿ ಕೊಟ್ಟದ್ದು 1883ರಲ್ಲಿ. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಅದಕ್ಕೆ ಗಣಿತದ ವಿವರಣೆ ಒದಗಿಸಿದರು.

ಆ ವಿವರಣೆಯ ತಿರುಳು ಎಂಟನೇ ತರಗತಿಗೆ ಎಟುಕದ್ದೇನಲ್ಲ. ಭಾರದಿಂದಾಗಿ ದಂಡ ಬುಷ್ಷಿನ ನಟ್ಟನಡುವೆ ಇರುವುದಿಲ್ಲ, ಸ್ವಲ್ಪ ಒಂದು ಬದಿಗೆ ಸರಿದಿರುತ್ತದೆ. ಹಾಗಾಗಿ ಸಂದು ಒಂದೆಡೆ ಅಗಲ, ಇನ್ನೊಂದೆಡೆ ಕಿರಿದು. ತಿರುಗುವ ದಂಡ ತನಗೆ ಅಂಟಿದ ಎಣ್ಣೆಯನ್ನು ಅಗಲದಿಂದ ಕಿರಿದಾದ ಕಡೆಗೆ ಎಳೆದುಕೊಂಡು ಹೋಗುತ್ತದೆ. ಜಾತ್ರೆಯ ಜನ ಅಗಲ ಬೀದಿಯಿಂದ ಸಂದಿಗೆ ನುಗ್ಗಿದ ಹಾಗೆ ಅಲ್ಲಿ ಒತ್ತಡ ಏರುತ್ತದೆ. ಭಾರ ಹೊರುವುದು ಆ ಒತ್ತಡ. ಅದು ಹುಟ್ಟಲು ಮೂರು ಬೇಕು: ಕಿರಿದಾಗುತ್ತ ಹೋಗುವ ಸಂದು, ಎಣ್ಣೆಯ ಸ್ನಿಗ್ಧತೆ, ತಿರುಗುವ ವೇಗ. ದಂಡ ನಿಂತರೆ ಒತ್ತಡವೂ ಇಲ್ಲ, ಲೋಹ ಲೋಹದ ಮೇಲೆ ಕೂರುತ್ತದೆ. ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿದ ಕೂಡಲೇ ರೇಸ್ ಮಾಡಬೇಡ ಎಂದು ಮೆಕ್ಯಾನಿಕ್ ಹೇಳುವುದರ ಹಿಂದೆ ಈ ಕಾರಣವೂ ಇದೆ.

ಇಲ್ಲಿಯೇ ನಮ್ಮ ಕಪ್ಪುಹಲಗೆಯ ವಾಕ್ಯಗಳು ತೊಡಕಿಗೆ ಸಿಕ್ಕಿಕೊಳ್ಳುತ್ತವೆ. ಮೇಲ್ಮೈಗಳನ್ನು ಎಷ್ಟು ಬಲವಾಗಿ ಒತ್ತಿದರೆ ಘರ್ಷಣೆ ಅಷ್ಟು ಹೆಚ್ಚು ಎಂದು ನಾವು ಕಲಿಸುತ್ತೇವೆ. ಟವರ್ ಎಣ್ಣೆತೊಟ್ಟಿಯಲ್ಲಿ ಕಂಡದ್ದು ಬೇರೆ. ಭಾರ ಏರಿಸಿದರೂ ಘರ್ಷಣೆ ಬಹುತೇಕ ಅಷ್ಟೇ ಉಳಿಯಿತು; ವೇಗ ಹೆಚ್ಚಿದರೆ ಏರಿತು; ಎಣ್ಣೆ ಬಿಸಿಯಾದರೆ ಇಳಿಯಿತು. ಒಣ ಘನವಸ್ತುಗಳ ನಿಯಮ ಹೋಗಿ ದ್ರವದ ನಿಯಮ ಬಂದಿತ್ತು. ಎಣ್ಣೆಯನ್ನು ತೊಟ್ಟಿಯ ಬದಲು ಬತ್ತಿಯಿಂದಲೋ ಮೆತ್ತೆಯಿಂದಲೋ ಉಣಿಸಿದಾಗ ಘರ್ಷಣೆ ಆರೇಳು ಪಟ್ಟು ಹೆಚ್ಚಾಯಿತು. ಎಲ್ಲದರಲ್ಲೂ ‘ಎಣ್ಣೆ ಹಾಕಲಾಗಿತ್ತು’ ಎಂಬುದನ್ನು ಗಮನಿಸಿ. ಗಟ್ಟಿ ಎಣ್ಣೆಯೇ ಮೇಲು ಎಂಬ ನಂಬಿಕೆಯೂ ಇಲ್ಲಿ ನಿಲ್ಲದು. ಗಟ್ಟಿ ಎಣ್ಣೆ ಹೆಚ್ಚು ಭಾರ ಹೊರುತ್ತದೆ ನಿಜ, ಆದರೆ ದಂಡವನ್ನು ಹಿಡಿದೆಳೆದು ತಾನೂ ಬಿಸಿಯಾಗುತ್ತದೆ, ಬಿಸಿಯಾಗಿ ತೆಳುವಾಗುತ್ತದೆ.

ನುಣುಪಿನ ವಿಷಯ ಇನ್ನೂ ಸ್ವಾರಸ್ಯ. ಎಂಜಿನ್ ಬೇರಿಂಗಿನಲ್ಲಿ ಎಣ್ಣೆಪದರ ಅತಿ ತೆಳುವಾದ ಕಡೆ ಕೆಲವೇ ಮೈಕ್ರಾನ್ ಇರುತ್ತದೆ. ಮೇಲ್ಮೈಯ ಉಬ್ಬುಗಳು ಅದಕ್ಕಿಂತ ಎತ್ತರವಿದ್ದರೆ ಪದರವನ್ನು ಸೀಳಿ ಒಂದನ್ನೊಂದು ಮುಟ್ಟುತ್ತವೆ. ಆದ್ದರಿಂದ ನುಣುಪು ಬೇಕು. ಆದರೆ ಕನ್ನಡಿಯಂಥ ನುಣುಪೇ ಎಲ್ಲೆಡೆ ಗುರಿಯಲ್ಲ. ಎಂಜಿನ್ನಿನ ಸಿಲಿಂಡರ್ ಒಳಗೋಡೆಯಲ್ಲಿ ಎಣ್ಣೆ ನಿಲ್ಲಲೆಂದೇ ಅಡ್ಡಡ್ಡ ಹಾಯುವ ಸೂಕ್ಷ್ಮ ಗೀರುಗಳನ್ನು ಬೇಕೆಂದು ಮೂಡಿಸುತ್ತಾರೆ. ಲೇಸರಿನಿಂದ ಸೂಜಿಮೊನೆಗಿಂತ ಚಿಕ್ಕ ಕುಳಿಗಳನ್ನು ಕೊರೆಯುವ ವಿಧಾನವೂ ಇದೆ. ಆ ಕುಳಿಗಳು ಎಣ್ಣೆಯನ್ನು ಹಿಡಿದಿಡುತ್ತವೆ, ಸವೆದ ಲೋಹದ ಪುಡಿಯನ್ನು ನುಂಗುತ್ತವೆ. ಅದೇ ಕುಳಿ, ಅದೇ ಗೀರು ತಪ್ಪಾದ ಜಾಗದಲ್ಲಿದ್ದರೆ ಹಾನಿ. ಟವರನ ತೂತು ಇದ್ದದ್ದು ಒತ್ತಡ ಅತಿ ಹೆಚ್ಚಿರುವ ಕಡೆ, ಹಾಗಾಗಿ ಎಣ್ಣೆ ಉಣಿಸಬೇಕಾದ ತೂತು ಎಣ್ಣೆ ಸೋರುವ ತೂತಾಯಿತು. ಎಣ್ಣೆಗಾಡಿಯನ್ನು ಭಾರ ಬೀಳದ ಬದಿಗೆ ಇಡುವುದು ಅದಕ್ಕೇ. ಬುಷ್ಷಿನ ಲೋಹವೂ ಗಡುಸಾಗಿರಬೇಕಿಲ್ಲ. 1839ರಲ್ಲಿ ಐಸಾಕ್ ಬ್ಯಾಬಿಟ್ ಬಳಕೆಗೆ ತಂದ ತವರದ ಮಿಶ್ರಲೋಹ ಮೆತ್ತಗಿರುವುದರಿಂದಲೇ ಬೆಲೆ ಪಡೆಯಿತು. ಎಣ್ಣೆಯಲ್ಲಿ ಬಂದ ಕಸ ಅದರಲ್ಲಿ ಹೂತುಹೋಗಿ ದಂಡ ಗೀರು ಬೀಳದೆ ಉಳಿಯುತ್ತದೆ.

ಇದು ಐಟಿಐ, ಡಿಪ್ಲೊಮಾದವರ ಪಾಠ, ಪ್ರೌಢಶಾಲೆಗೆ ಏಕೆ ಎಂದು ಕೇಳುವ ಸಹೋದ್ಯೋಗಿಗಳಿದ್ದಾರೆ. ನಲವತ್ತು ನಿಮಿಷದ ಅವಧಿ, ಐವತ್ತು ಮಕ್ಕಳು, ಮುಗಿಸಬೇಕಾದ ಘಟಕಗಳು, ಆಕ್ಷೇಪದಲ್ಲಿ ಹುರುಳಿದೆ. ರೆನಾಲ್ಡ್ಸ್ ಸಮೀಕರಣವನ್ನು ಯಾರೂ ಕೇಳುತ್ತಿಲ್ಲ. ಕೇಳುತ್ತಿರುವುದು ಒಂದೇ ಪ್ರಶ್ನೆಯನ್ನು ಪಾಠದ ನಡುವೆ ಇಡಿ ಎಂದು: ಗಾಡಿಯ ಭಾರವನ್ನು ಈಗ ಹೊತ್ತಿರುವುದು ಯಾವುದು? ರಚನಾವಾದದ ಹೆಸರಿನಲ್ಲಿ 5ಇ ಮಾದರಿಯ ಐದು ಅಂಕಣ ಕೊರೆದು, ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳಿಂದ ಅವುಗಳನ್ನು ತುಂಬುವುದಕ್ಕಿಂತ ಇದು ಎಷ್ಟೋ ಮೇಲು.

ಹಳ್ಳಿಯ ಶಾಲೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಕೊಳವೆಬಾವಿಯಿಂದ ಪಾಠ ಶುರುಮಾಡಬಹುದು. ನೂರಾರು ಅಡಿ ಆಳದಲ್ಲಿರುವ ಸಬ್‌ಮರ್ಸಿಬಲ್ ಪಂಪಿನ ಬುಷ್‌ಗಳಿಗೆ ಎಣ್ಣೆ ಹಾಕುವವರಾರು? ಅಲ್ಲಿ ನೀರೇ ಎಣ್ಣೆಯ ಕೆಲಸ ಮಾಡುತ್ತದೆ. ನೀರಿನ ಸ್ನಿಗ್ಧತೆ ಬಹಳ ಕಡಿಮೆ, ಆದರೂ ವೇಗ ಮತ್ತು ಕಿರಿದಾದ ಸಂದು ಸೇರಿ ಪದರ ಹುಟ್ಟುತ್ತದೆ. ಕೆಲವು ಪಂಪುಗಳ ರಬ್ಬರ್ ಬುಷ್ಷಿನಲ್ಲಿ ಉದ್ದುದ್ದ ಗಾಡಿಗಳಿರುತ್ತವೆ, ಮರಳು ಅವುಗಳಲ್ಲಿ ಹಾದುಹೋಗಲೆಂದು. ಬಾವಿ ಬತ್ತಿ ಪಂಪು ಒಣಗಿ ಓಡಿದರೆ ಬುಷ್ ಸುಟ್ಟುಹೋಗುತ್ತದೆ. ಅದರ ರಿಪೇರಿಗೆ ಎಷ್ಟಾಯಿತೆಂದು ತರಗತಿಯಲ್ಲಿ ಯಾರಾದರೊಬ್ಬ ಹುಡುಗನಿಗೆ ಗೊತ್ತಿರುತ್ತದೆ. ಆ ಹುಡುಗ ಉಳಿದ ಪಾಠಗಳಲ್ಲಿ ಬಾಯಿ ತೆರೆಯದವನೂ ಆಗಿರಬಹುದು.

ಪ್ರಯೋಗಕ್ಕೆ ಲೇತ್ ಅಂಗಡಿಯಲ್ಲಿ ಒಂದು ಹಳೆಯ ಹಿತ್ತಾಳೆ ಬುಷ್ ಕೇಳಿ ತನ್ನಿ, ಉದ್ದಕ್ಕೆ ಎರಡು ಹೋಳು ಮಾಡಿಸಿ. ಅದಕ್ಕೆ ಹೊಂದುವ ಸರಳನ್ನು ಅಡ್ಡಲಾಗಿ ಕೂರಿಸಿ, ಒಂದು ಹೋಳನ್ನು ಕವಿಚಿ, ಎರಡೂ ಬದಿಗೆ ತೂಕ ತೂಗುಹಾಕಿ. ಸರಳು ತಿರುಗಿದಾಗ ಹೋಳೂ ಜೊತೆಗೆ ತಿರುಗಲು ನೋಡುತ್ತದೆ. ಅದನ್ನು ತಡೆಹಿಡಿದ ಸ್ಪ್ರಿಂಗ್ ತಕ್ಕಡಿ ಘರ್ಷಣೆಯನ್ನು ತೋರಿಸುತ್ತದೆ. ಒಂದು ಹನಿ ಎಣ್ಣೆ ಹಾಕಿ ಒಮ್ಮೆ, ಕೆಳಗೆ ಎಣ್ಣೆಯ ತಟ್ಟೆ ಇಟ್ಟು ಒಮ್ಮೆ; ಕೈಯಿಂದ ನಿಧಾನವಾಗಿ, ಆಮೇಲೆ ಡ್ರಿಲ್ಲಿನಿಂದ ವೇಗವಾಗಿ. ಡ್ರಿಲ್ ಶಿಕ್ಷಕರ ಕೈಯಲ್ಲೇ ಇರಲಿ, ಜಡೆ ಮತ್ತು ದುಪಟ್ಟಾ ದೂರವಿರಲಿ. ಅಂಕಿಗಳು ನಿಖರವಾಗಿ ಬರಬೇಕಿಲ್ಲ.

ವೀಕ್ಷಕರಿಗೂ ಒಂದು ಮಾತು. ಮೌಲ್ಯಮಾಪನ ಹಂತದಲ್ಲಿ ‘ಘರ್ಷಣೆ ಕಡಿಮೆ ಮಾಡುವ ವಿಧಾನಗಳನ್ನು ಪಟ್ಟಿಮಾಡಿ’ ಎಂದು ಕೇಳಿದ ಪ್ರಶಿಕ್ಷಣಾರ್ಥಿಗೆ ಪೂರ್ಣ ಅಂಕ ಕೊಡುವ ಮೊದಲು, ಅವರು ಇನ್ನೊಂದನ್ನು ಕೇಳಿದರೇ ನೋಡಿ: ಬೇರಿಂಗಿನ ಚಿತ್ರ ಕೊಟ್ಟು, ಭಾರ ಮೇಲಿನಿಂದ ಬೀಳುತ್ತಿದೆ, ಎಣ್ಣೆಯ ತೂತನ್ನು ಎಲ್ಲಿ ಕೊರೆಯುತ್ತೀರಿ, ಏಕೆ?