ಸೂರಿಗೂ ಒಂದು ಲೆಕ್ಕ

ಮನೆ ಕಟ್ಟುವಾಗ ಸೂರಿನ ಸರದಿ ಬರುವುದು ಕೊನೆಗೆ. ಅಡಿಪಾಯಕ್ಕೆ, ಗೋಡೆಗೆ, ಬಾಗಿಲು ಕಿಟಕಿಗಳಿಗೆ ಹಣ ಸುರಿದು ಕೈ ಬರಿದಾದ ಹೊತ್ತಿನಲ್ಲಿ ‘ಮೇಲೆ ಏನು ಹಾಕುವುದು?’ ಎಂಬ ಪ್ರಶ್ನೆ ಏಳುತ್ತದೆ. ಆಗ ಮೇಸ್ತ್ರಿ ಹೇಳಿದ್ದೇ ವೇದವಾಕ್ಯ. ಇಲ್ಲವೇ ಪಕ್ಕದ ಮನೆಯವರು ಹಾಕಿಸಿದ್ದೇ ಮಾದರಿ. ಹೀಗೆ ಅವಸರದಲ್ಲಿ ಮಾಡಿದ ತೀರ್ಮಾನದ ಕೆಳಗೆ ಮನೆಮಂದಿಯೆಲ್ಲ ಮುಂದಿನ ಮೂವತ್ತು ನಲವತ್ತು ವರ್ಷ ಬದುಕಬೇಕು. ಮಾರ್ಚ್ ತಿಂಗಳ ಸುಡು ಮಧ್ಯಾಹ್ನ ಪರೀಕ್ಷೆಗೆಂದು ಓದುತ್ತ ಕೂರುವ ಮಕ್ಕಳಂತೂ ಅದರ ಫಲವನ್ನು ಎಲ್ಲರಿಗಿಂತ ಹೆಚ್ಚಾಗಿ ಉಣ್ಣುತ್ತಾರೆ.

ಸೂರು ಮಾಡಬೇಕಾದ ಕೆಲಸಗಳು ಕೆಲವೇ. ಮಳೆಯನ್ನು ಹೊರಗಿಡಬೇಕು. ಬಿಸಿಲನ್ನು ತಡೆಯಬೇಕು. ತನ್ನ ಭಾರದಿಂದಾಗಲಿ, ತಾನು ಉದುರಿಸುವ ಧೂಳಿನಿಂದಾಗಲಿ ಕೆಳಗಿರುವವರಿಗೆ ಕೇಡು ಮಾಡಬಾರದು. ಇವುಗಳಲ್ಲಿ ಹೆಚ್ಚಿನವನ್ನು ಲೆಕ್ಕ ಹಾಕಿಯೇ ನೋಡಬಹುದು. ಹೈಸ್ಕೂಲಿನ ವಿದ್ಯಾರ್ಥಿಗೂ ಎಟುಕುವ ಲೆಕ್ಕವದು.

ಮಳೆ ಕಲಿಸಿದ ಪಾಠ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯೊಂದನ್ನು ತೆಗೆದುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 9.3 ಚದರ ಮೀಟರ್. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆಯಾಗುವ ಆಗುಂಬೆಯಲ್ಲಿ ಈ ಪುಟ್ಟ ಕೋಣೆಯ ಮೇಲೆ 65 ಸಾವಿರ ಲೀಟರಿಗೂ ಹೆಚ್ಚು ನೀರು ಸುರಿಯುತ್ತದೆ. ಸುಮಾರು 600 ಮಿ.ಮೀ. ಮಳೆ ಕಾಣುವ ಚಿತ್ರದುರ್ಗದ ಕಡೆ ಅದೇ ಕೋಣೆಗೆ ಬೀಳುವುದು ಐದೂವರೆ ಸಾವಿರ ಲೀಟರ್. ಎರಡೂ ಊರಿಗೆ ಒಂದೇ ಬಗೆಯ ಸೂರು ಹೊಂದುವುದಾದರೂ ಹೇಗೆ?

ಹಿಂದಿನವರಿಗೆ ಈ ಅಂಕಿಗಳು ಗೊತ್ತಿರಲಿಲ್ಲ, ಮಳೆ ಗೊತ್ತಿತ್ತು. ಕರಾವಳಿಯಲ್ಲಿ ಮುಳಿಹುಲ್ಲು, ಮಲೆನಾಡಿನಲ್ಲಿ ಅಡಿಕೆಯ ಸೋಗೆ, ಆಮೇಲೆ ಕುಂಬಾರರ ನಾಡಹಂಚು. ಹೊದಿಕೆ ಯಾವುದಾದರೂ ಮಾಡು ಮಾತ್ರ ಇಳಿಜಾರಿನದೇ. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿ. ಕಟ್ಟಡ ಕಲ್ಲಿನದಾದರೂ ಮಾಡಿಗೆ ಇಳಿಜಾರು ತಪ್ಪಲಿಲ್ಲ.

ಬಯಲುಸೀಮೆಯದು ಬೇರೆ ದಾರಿ. ಅಲ್ಲಿ ತೊಲೆ, ಜಂತಿಗಳ ಮೇಲೆ ಮಣ್ಣು ಹೊದಿಸಿದ ಸಪಾಟಾದ ಮಾಳಿಗೆ. ಮಣ್ಣಿನ ಮಾಳಿಗೆ ಮಳೆಗೆ ಸೋರುವುದಿಲ್ಲವೇ? ಇಲ್ಲೊಂದು ಜಾಣತನವಿದೆ. ಮೇಲಿನ ಪದರಕ್ಕೆ ಹಾಕುವುದು ಬೆಳೆ ಬಾರದ ಕರಲು ಮಣ್ಣು. ಅದರಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ತಾಗಿದೊಡನೆ ಅದರ ಜೇಡಿಯ ಕಣಗಳು ಒಂದರಿಂದೊಂದು ಬಿಡಿಸಿಕೊಂಡು ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ನೀರು ಕೆಳಗಿಳಿಯದು. ಹೊಲದಲ್ಲಿ ರೈತನಿಗೆ ಶಾಪವಾದ ಗುಣವೇ ಮಾಳಿಗೆಯ ಮೇಲೆ ವರವಾಯಿತು.

ಮಂಗಳೂರು ಹಂಚಿನ ಹೆಚ್ಚುಗಾರಿಕೆ

1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನದೀದಡದ ಜೇಡಿಮಣ್ಣನ್ನು ಅಚ್ಚಿಗೆ ಒತ್ತಿ, ಗೂಡಿನಲ್ಲಿ ಸುಟ್ಟು ತೆಗೆದ ಹಂಚದು. ಒಂದರ ಅಂಚು ಇನ್ನೊಂದರ ಕಚ್ಚಿನಲ್ಲಿ ಕೂರುವಂತೆ ಅದನ್ನು ರೂಪಿಸಲಾಗಿತ್ತು. ಹೀಗಾಗಿ ನಾಡಹಂಚಿನ ಹಾಗೆ ಒಂದರ ಮೇಲೊಂದು ಪದರ ಪದರವಾಗಿ ಹೇರುವ ಅಗತ್ಯವಿಲ್ಲ. ಮಾಡು ಹಗುರಾಯಿತು, ಮರವೂ ಕಡಿಮೆ ಸಾಕಾಯಿತು. ‘ಮಂಗಳೂರು ಹಂಚು’ ಎಂಬ ಹೆಸರು ಹಡಗು ಹತ್ತಿ ದೇಶ ವಿದೇಶ ಸುತ್ತಿತು.

ಈ ಹಂಚು ನೀರನ್ನು ತಡೆದು ನಿಲ್ಲಿಸುವುದಿಲ್ಲ, ಹರಿಸಿ ಕಳಿಸುತ್ತದೆ. ಆದ್ದರಿಂದ ಸುಮಾರು 30 ಡಿಗ್ರಿಯಾದರೂ ಇಳಿಜಾರು ಬೇಕು. ಅಂದಕ್ಕೆಂದು ಇಳಿಜಾರು ತಗ್ಗಿಸಿದರೆ ಗಾಳಿಮಳೆಯಲ್ಲಿ ನೀರು ಹಂಚಿನ ಸಂದಿನಿಂದ ಒಳಗೆ ನುಗ್ಗುತ್ತದೆ. ಹಂಚು ಸೋರುತ್ತದೆ ಎನ್ನುವವರು ಮೊದಲು ತಮ್ಮ ಮಾಡಿನ ಕೋನವನ್ನು ಅಳೆದು ನೋಡುವುದು ಒಳ್ಳೆಯದು.

ಹಂಚಿಗೆ ತೊಂದರೆಗಳೂ ಇವೆ. ಮಲೆನಾಡಿನಲ್ಲಿ ಮಂಗಗಳ ಹಿಂಡು ಮಾಡಿನ ಮೇಲೆ ಕುಣಿದರೆ ಒಂದೇ ಬೆಳಗಿಗೆ ಹತ್ತಾರು ಹಂಚು ಪುಡಿ. ಕೈಯಾಡಿಸುವ ಕೆಲಸಗಾರರು ಸಿಕ್ಕುವುದು ಕಷ್ಟ. ಅನೇಕರು ತಗಡಿನ ಶೀಟಿಗೆ ಬದಲಾಗಿರುವುದು ಈ ಬೇಸರದಿಂದಲೇ. ಆದರೆ ಬದಲಾಯಿಸುವ ಮುನ್ನ ಉಳಿದ ಲೆಕ್ಕಗಳನ್ನೂ ನೋಡಬೇಕು.

ತಲೆಯ ಮೇಲಿನ ಭಾರ

ಅದೇ ಹತ್ತಡಿ ಕೋಣೆಗೆ ನಾಲ್ಕಿಂಚಿನ ಆರ್‌ಸಿಸಿ ತಾರಸಿ ಹಾಕಿದರೆ ಅದರ ತೂಕ ಸುಮಾರು 2,300 ಕಿಲೊ. ಮಂಗಳೂರು ಹಂಚಾದರೆ ಸುಮಾರು 160 ಬೇಕು. ಒಂದಕ್ಕೆ ಎರಡೂವರೆ ಕಿಲೊ ಎಂದರೂ 400 ಕಿಲೊ. ಇದಕ್ಕೆ ಪಕ್ಕಾಸು, ರೀಪುಗಳ ತೂಕ ಸೇರಿಸಿಕೊಳ್ಳಿ. ಒಂದಡಿ ದಪ್ಪದ ಮಣ್ಣಿನ ಮಾಳಿಗೆಯಾದರೆ ನಾಲ್ಕೂವರೆ ಟನ್! ಮಳೆ ನೆನೆದರೆ ಇನ್ನೂ ಹೆಚ್ಚು.

ಈ ಅಂಕಿಯ ಅರ್ಥ ಏನೆಂಬುದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಎಲ್ಲರಿಗೂ ತಿಳಿಯಿತು. ನಮ್ಮ ಬೀದರ್, ಕಲಬುರಗಿ ಜಿಲ್ಲೆಗಳ ಗಡಿಯಾಚೆ, ಮಹಾರಾಷ್ಟ್ರದ ಕಿಲ್ಲಾರಿ ಸುತ್ತಮುತ್ತ ಭೂಮಿ ನಡುಗಿತು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಮಲಗಿದಲ್ಲೇ ಸತ್ತರು. ಅವರನ್ನು ಕೊಂದದ್ದು ಬಹುಮಟ್ಟಿಗೆ ಅವರ ಮನೆಗಳೇ. ಮಣ್ಣಿನಲ್ಲಿ ಕೂರಿಸಿದ ಕಾಡುಗಲ್ಲಿನ ದಪ್ಪ ಗೋಡೆಗಳು, ಅವುಗಳ ಮೇಲೆ ದಪ್ಪ ಮಣ್ಣಿನ ಮಾಳಿಗೆ. ಇಂಥ ಮಾಳಿಗೆ ಸೋರಿದಾಗಲೆಲ್ಲ ಮಣ್ಣಿನ ಮೇಲೆ ಮಣ್ಣು ಹೇರುವುದು ರೂಢಿ. ಹಾಗೆ ತಲೆಮಾರುಗಳಿಂದ ಕೂಡಿದ ಭಾರ ಕೆಲವೇ ಕ್ಷಣಗಳಲ್ಲಿ ಕೆಳಗಿಳಿಯಿತು.

ಹಾಗೆಂದು ಭಾರವೊಂದೇ ಕೊಲ್ಲುವುದಿಲ್ಲ. ಬಿಗಿಯಿಲ್ಲದ ಭಾರ ಕೊಲ್ಲುತ್ತದೆ. ಆರ್‌ಸಿಸಿ ತಾರಸಿಯೂ ಭಾರವೇ. ಆದರೆ ಕಬ್ಬಿಣದ ಸರಳುಗಳು ಅದನ್ನು ಒಂದೇ ತುಂಡಾಗಿ ಹಿಡಿದಿರುತ್ತವೆ, ತೊಲೆ ಕಂಬಗಳಿಗೆ ಬಿಗಿಯುತ್ತವೆ. ಸರಳು, ಸಿಮೆಂಟಿನಲ್ಲಿ ಕಳ್ಳತನ ಮಾಡಿದರೆ ಆ ಭರವಸೆ ಉಳಿಯುವುದಿಲ್ಲ. ಇನ್ನು ಮಾಳಿಗೆ ಮನೆಯಲ್ಲಿರುವವರು ಮಾಡಬಹುದಾದ ಸುಲಭದ ಕೆಲಸ ಒಂದಿದೆ. ಹೊಸ ಮಣ್ಣು ಹಾಕುವ ಮುನ್ನ ಹಳೆಯ ಮಣ್ಣನ್ನು ಅಷ್ಟೇ ಪ್ರಮಾಣದಲ್ಲಿ ತೆಗೆದುಹಾಕುವುದು.

ಬಿಸಿಲಿನ ಬಾಬತ್ತು

ತಗಡು ತೆಳ್ಳಗಿನದು. ಏಪ್ರಿಲ್ ಬಿಸಿಲಿಗೆ ಅದರ ಮೈ 60 ಡಿಗ್ರಿ ದಾಟುತ್ತದೆ. ಆ ಕಾವು ಮರುಗಳಿಗೆಯೇ ಒಳಗಿಳಿಯುತ್ತದೆ. ಅದರ ಕೆಳಗೆ ಕೂತವರಿಗೆ ಮಧ್ಯಾಹ್ನವೇ ಶತ್ರು. ಹೊತ್ತು ಮುಳುಗಿದರೆ ಬೇಗ ತಣ್ಣಗಾಗುತ್ತದೆ. ಆರ್‌ಸಿಸಿಯದು ತಿರುವುಮುರುವು. ಮಧ್ಯಾಹ್ನವೆಲ್ಲ ಬಿಸಿಲು ಕುಡಿದು ಸಂಜೆಯ ಮೇಲೆ ಕಾರಲು ತೊಡಗುತ್ತದೆ. ಮಕ್ಕಳು ರಾತ್ರಿ ಓದಲು ಕೂತಾಗ ಫ್ಯಾನು ಕೆಳಗೆ ತಳ್ಳುವುದು ಆ ಬಿಸಿಗಾಳಿಯನ್ನೇ. ಹಂಚಿನ ಮಾಡಿನಲ್ಲಿ ಬಿಸಿಗಾಳಿ ಎತ್ತರಕ್ಕೇರಿ ಸಂದುಗಳಿಂದ ಹೊರಹೋಗುತ್ತದೆ.

ಇದ್ದ ತಾರಸಿಯನ್ನು ತಂಪು ಮಾಡಲು ದುಬಾರಿ ಉಪಾಯವೇನೂ ಬೇಡ. ಬೇಸಿಗೆಗೆ ಮುನ್ನ ಗುಡಿಸಿ, ತೊಳೆದು ಬಿಳಿ ಸುಣ್ಣ ಬಳಿದರೂ ಸಾಕು. ಒಳ್ಳೆಯ ಬಿಳಿ ಲೇಪ ಹೊಸದಿದ್ದಾಗ ಬಿದ್ದ ಬಿಸಿಲಿನ ಮುಕ್ಕಾಲು ಪಾಲಿನಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಧೂಳು ಕೂತಂತೆ ಈ ಗುಣ ಕುಗ್ಗುವುದರಿಂದ ಮತ್ತೆ ಮತ್ತೆ ಬಳಿಯಬೇಕು. ನೆರೆಯ ತೆಲಂಗಾಣ 2023ರಲ್ಲಿ ಇಂಥ ತಂಪು ಸೂರುಗಳಿಗಾಗಿಯೇ ಒಂದು ನೀತಿಯನ್ನು ಹೊರತಂದಿದೆ. ತಗಡಿನ ಮಾಡಾದರೆ ಕೆಳಗೆ ಒಂದಡಿ ಅಂತರ ಬಿಟ್ಟು ಬಿದಿರಿನ ತಟ್ಟಿ ಅಥವಾ ಹಲಗೆ ಕಟ್ಟಿ, ಎರಡು ಬದಿಗೂ ಗಾಳಿ ಆಡಲು ಕಿಂಡಿ ಬಿಟ್ಟರೆ ಕೋಣೆ ಎಷ್ಟೋ ತಂಪು.

ಹೊಸದಾಗಿ ತಾರಸಿ ಹಾಕುವವರಿಗೆ ಇನ್ನೊಂದು ದಾರಿಯಿದೆ. ಬ್ರಿಟನ್ನಿನಲ್ಲಿ ಹುಟ್ಟಿ, ತಿರುವನಂತಪುರದಲ್ಲಿ ನೆಲೆಸಿ, ಭಾರತದ ಪೌರರಾಗಿ 2007ರಲ್ಲಿ ತೀರಿಕೊಂಡ ವಾಸ್ತುಶಿಲ್ಪಿ ಲಾರಿ ಬೇಕರ್ ಅದನ್ನು ಜನಪ್ರಿಯಗೊಳಿಸಿದರು. ತಾರಸಿಯ ಕೆಳಮೈ ಎಳೆತಕ್ಕೆ ಸಿಕ್ಕಿರುತ್ತದೆ. ಎಳೆತವನ್ನು ತಾಳುವುದು ಕಬ್ಬಿಣವೇ ಹೊರತು ಕಾಂಕ್ರೀಟಲ್ಲ. ಹಾಗಿದ್ದ ಮೇಲೆ ಕೆಳಭಾಗದಲ್ಲಿ ಸರಳುಗಳ ನಡುವೆ ಕಾಂಕ್ರೀಟಿನ ಬದಲು ಹಳೆಯ ಮಂಗಳೂರು ಹಂಚನ್ನೇ ತುಂಬಿದರೇನು? ಕಾಂಕ್ರೀಟಿನಲ್ಲಿ ಕಾಲುಭಾಗದ ಆಸುಪಾಸು ಉಳಿತಾಯ, ಭಾರವೂ ಕಡಿಮೆ. ಜೋಡಿ ಹಂಚುಗಳ ನಡುವೆ ಸಿಕ್ಕಿಕೊಂಡ ಗಾಳಿ ಬಿಸಿಲಿಗೆ ತಡೆ. ಇದನ್ನು ಬಲ್ಲ ಎಂಜಿನಿಯರ್ ಮೇಲ್ವಿಚಾರಣೆಯಲ್ಲೇ ಮಾಡಿಸಬೇಕು ಎಂಬುದನ್ನು ಮರೆಯಬಾರದು.

ಕಾಣದ ಧೂಳು

ಕೈಯಲ್ಲಿ ಹಣ ಕಡಿಮೆಯಿದ್ದವರಿಗೆ ಸುಲಭವಾಗಿ ಸಿಕ್ಕುವುದು ಬೂದು ಬಣ್ಣದ ಸಿಮೆಂಟ್ ಶೀಟು. ಇಂಥ ಅನೇಕ ಶೀಟುಗಳಲ್ಲಿ ಸಿಮೆಂಟಿನ ಜೊತೆ ಇರುವುದು ಕಲ್ನಾರು, ಅಂದರೆ ಆಸ್‌ಬೆಸ್ಟಾಸ್. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಬ್ರಿಟನ್ 1999ರಲ್ಲಿ, ಯುರೋಪಿಯನ್ ಒಕ್ಕೂಟ 2005ರಿಂದ ಇದನ್ನು ಪೂರ್ತಿ ನಿಷೇಧಿಸಿವೆ. ನಮ್ಮಲ್ಲಿ ಇನ್ನೂ ಮಾರಾಟವಿದೆ.

ಶೀಟು ಗಟ್ಟಿಯಾಗಿ, ಒಡೆಯದೆ ಇರುವಷ್ಟು ಕಾಲ ನಾರು ಸಿಮೆಂಟಿನೊಳಗೇ ಬಂದಿಯಾಗಿರುತ್ತದೆ. ಕೊರೆದಾಗ, ಗರಗಸ ಹಾಕಿದಾಗ, ಒಡೆದಾಗ, ಹಳತಾಗಿ ಮೈ ಸವೆದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಬರುತ್ತವೆ. ಉಸಿರಿನೊಡನೆ ಶ್ವಾಸಕೋಶ ಸೇರಿದವು ಅಲ್ಲೇ ಉಳಿಯಬಹುದು. ರೋಗ ತಲೆದೋರಲು ಇಪ್ಪತ್ತರಿಂದ ನಲವತ್ತು ವರ್ಷ ಹಿಡಿಯುತ್ತದೆ. ಹತ್ತು ವರ್ಷದ ಮಗುವಿಗೆ ಈ ಲೆಕ್ಕ ಏನಾಗುತ್ತದೆಂದು ಪೋಷಕರೇ ಕೂಡಿ ನೋಡಲಿ.

ಈಗಾಗಲೇ ಅಂಥ ಸೂರಿನ ಕೆಳಗಿರುವವರು ಗಾಬರಿಯಾಗಬೇಕಿಲ್ಲ. ಶೀಟನ್ನು ಕೊರೆಯಬೇಡಿ, ಉಜ್ಜಬೇಡಿ. ಅನಿವಾರ್ಯವಾಗಿ ಬಿಚ್ಚಿಸುವುದಾದರೆ ಚೆನ್ನಾಗಿ ನೀರು ಹಾಕಿ ನೆನೆಸಿ, ಒಡೆಯದಂತೆ ಇಳಿಸಬೇಕು. ಆ ಹೊತ್ತಿನಲ್ಲಿ ಮಕ್ಕಳು ದೂರವಿರಲಿ. ಒಡೆದ ಚೂರುಗಳನ್ನು ಅಂಗಳಕ್ಕೋ ಆಟದ ಬಯಲಿಗೋ ಎಸೆಯಬಾರದು, ಒಣ ಪೊರಕೆಯಲ್ಲಿ ಗುಡಿಸಬಾರದು. ಹೊಸದಾಗಿ ಕೊಳ್ಳುವವರು ಕಲ್ನಾರಿಲ್ಲದ ಶೀಟು ಎಂದು ಬರಹದಲ್ಲಿ ಖಚಿತಪಡಿಸಿಕೊಂಡೇ ಕೊಳ್ಳಬೇಕು. ಹಾಗೆ ಸಿಗದಿದ್ದರೆ ತಗಡಿಗೆ ತಟ್ಟಿ ಕಟ್ಟಿಸುವುದೇ ಲೇಸು.

ಮಾಡಿ ನೋಡಿ

ವಿದ್ಯಾರ್ಥಿಗಳಿಗೆ ಇಲ್ಲೊಂದು ಪ್ರಯೋಗ. ಗೋಡೆಗೆ ನೇತುಹಾಕುವ ಉಷ್ಣಮಾಪಕವೊಂದನ್ನು ತನ್ನಿ. ನೀವು ಓದಲು ಕೂರುವ ಜಾಗದಲ್ಲಿ, ತಲೆಯ ಮಟ್ಟಕ್ಕೆ, ಬಿಸಿಲು ನೇರ ಬೀಳದಂತೆ ತೂಗುಹಾಕಿ. ಒಂದು ವಾರ ಮಧ್ಯಾಹ್ನ 2 ಗಂಟೆಗೆ, ರಾತ್ರಿ 9 ಗಂಟೆಗೆ ಅಂಕಿ ಬರೆದಿಡಿ. ಬೇರೆ ಬಗೆಯ ಸೂರಿನ ಮನೆಯಲ್ಲಿರುವ ಗೆಳೆಯನಿಗೂ ಹೀಗೇ ಮಾಡಲು ಹೇಳಿ. ಎರಡು ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ಅಪ್ಪ ಅಮ್ಮನಿಗೆ ತೋರಿಸಿ. ತಾರಸಿಗೆ ಸುಣ್ಣ ಬಳಿದರೆ ಮತ್ತೊಂದು ವಾರ ಅಳೆದು ನೋಡಿ.

ಮುಂದೆ ಎಂದಾದರೂ ಮನೆಯಲ್ಲಿ ಸೂರಿನ ಮಾತು ಬಂದಾಗ ಮೇಸ್ತ್ರಿಯ ಮಾತಿನ ಜೊತೆಗೆ ಈ ಪಟ್ಟಿಯೂ ಇರಲಿ. ಸೂರಿನ ಕೆಳಗೆ ಹೆಚ್ಚು ಕಾಲ ಬಾಳಬೇಕಾದವರು ಬರೆದ ಲೆಕ್ಕವದು.