ಹೊಸದು ಬರಲಿ, ಹಳೆಯದೂ ಇರಲಿ

ಆರನೇ ತರಗತಿಯಲ್ಲಿದ್ದಾಗ ಆಳಂದದ ಕಂಪ್ಯೂಟರ್ ಅಂಗಡಿಯಲ್ಲಿ ಗಂಟೆಗೆ ಹತ್ತು ರೂಪಾಯಿ ಕೊಟ್ಟು ‘ಜಿಟಿಎ ವೈಸ್ ಸಿಟಿ’ ಆಡುತ್ತಿದ್ದೆ. ರಜೆಗೆ ಅಫಜಲಪುರದ ಮಾವನ ಮನೆಗೆ ಹೋದರೆ ಅಲ್ಲಿನ ಹಳೆಯ ಕಂಪ್ಯೂಟರಿನಲ್ಲೂ ಅದೇ ಆಟ. 2002ರ ಆ ಆಟಕ್ಕೆ 128 ಎಂಬಿ ರ್‍ಯಾಮ್ ಸಾಕಿತ್ತು. ಚೀಟ್ ಕೋಡ್‌ಗಳು ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿದ್ದವು.

2021ರ ನವೆಂಬರ್‌ನಲ್ಲಿ ಅದರ ಹೊಸ ರೂಪ ಬಂತು. ಕಂಪ್ಯೂಟರಿಗೆ 8 ಜಿಬಿ ರ್‍ಯಾಮ್, 45 ಜಿಬಿ ಜಾಗ ಬೇಕು. ‘ನಿನ್ನ ಡಬ್ಬಾದಾಗ ಇದು ನಡ್ಯಾಂಗಿಲ್ಲ ತಮ್ಮಾ’ ಎಂದು ಮಾವನ ಮಗ ನಕ್ಕ. ಬೇಸರವಾಗಿದ್ದು ಅದಕ್ಕಲ್ಲ. ಹೊಸದು ಬರುವ ಮೊದಲೇ ರಾಕ್‌ಸ್ಟಾರ್ ಕಂಪನಿ ಹಳೆಯದನ್ನು ಮಾರಾಟದಿಂದ ತೆಗೆದುಹಾಕಿತ್ತು. ಹೊಸದು ಬಂದಾಗ ಅದರಲ್ಲೋ, ಮಳೆ ಬಂದರೆ ದಾರಿಯೇ ಕಾಣುತ್ತಿರಲಿಲ್ಲ. ಪಾತ್ರಗಳ ಮುಖ ಪ್ಲಾಸ್ಟಿಕ್ ಗೊಂಬೆಯಂತಿತ್ತು. ಆಟಗಾರರು ಸಿಟ್ಟಾದ ಮೇಲೆ ಕಂಪನಿ ಕ್ಷಮೆ ಕೇಳಿ, ಪಿಸಿಯ ಹಳೆಯ ಆವೃತ್ತಿಗಳನ್ನು ತನ್ನ ಆನ್‌ಲೈನ್ ಅಂಗಡಿಗೆ ಮರಳಿ ತಂದಿತು.

ರೀಮೇಕ್ ಬೇಡವೆಂದು ನಾನು ಹೇಳುವುದಿಲ್ಲ. 2023ರ ‘ರೆಸಿಡೆಂಟ್ ಈವಿಲ್ 4’ ಅನ್ನು ಜೇವರ್ಗಿಯ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಆಡಿ ಬೆರಗಾಗಿದ್ದೇನೆ. ಅದು ಬಂದ ಮೇಲೂ 2005ರ ಮೂಲ ಆಟ ಮಾರಾಟದಲ್ಲಿ ಉಳಿಯಿತು. ಸರಿಯಾದ ದಾರಿ ಅದೇ.

ಒಂದು ಮಾತು ಒಪ್ಪಿಕೊಳ್ಳಬೇಕು: ಚಿಕ್ಕಂದಿನಲ್ಲಿ ನಾವು ಆಡಿದ್ದೆಲ್ಲ ನಕಲಿ ಸಿ.ಡಿ. ಈಗ ಬಿ.ಇ. ಓದುತ್ತಿದ್ದೇನೆ, ಒಂದು ಆಟ ಮಾಡಲು ಎಷ್ಟು ಜನರ ದುಡಿಮೆ ಬೇಕೆಂಬುದು ಗೊತ್ತಾಗಿದೆ. ದುಡ್ಡು ಕೊಟ್ಟೇ ಕೊಳ್ಳುವ ಮನಸ್ಸಿದೆ. ಆದರೆ ನನ್ನ ಕಂಪ್ಯೂಟರಿನಲ್ಲಿ ಓಡುವ ಹಳೆಯ ಆಟವನ್ನೇ ಅಂಗಡಿಯಿಂದ ತೆಗೆದರೆ, ನಮ್ಮಂಥವರನ್ನು ಮತ್ತೆ ನಕಲಿಯ ಬಾಗಿಲಿಗೇ ಕಳಿಸಿದಂತಲ್ಲವೇ?